ಅಣ್ಣನ ಗಾಡಿ, ತಮ್ಮನ ಹೆಲ್ಮೆಟ್ಟು

ನಮ್ಮ ಬೀದಿಯಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ ಒಬ್ಬನೇ ಒಬ್ಬ ಇದ್ದಾನೆ. ಅವನೊಬ್ಬನಿಂದ ಆಗಿರುವಷ್ಟು ಅನಾಹುತ, ಯಾರ ಮಾತನ್ನೂ ಕೇಳದ ಮಿಕ್ಕ ಬೀದಿಯಿಂದ ಆಗಿಲ್ಲ. ವಯಸ್ಸು ಐವತ್ತು ದಾಟಿದೆ, ತಲೆ ಅರ್ಧ ನೆರೆತಿದೆ, ಅಳತೆ-ತೂಕದ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಆದರೂ ಬೀದಿಗೆಲ್ಲ ಅವನು ತಮ್ಮ. ಅವನಿಗೊಬ್ಬ ಅಣ್ಣ ಇದ್ದ; ಆ ಅಣ್ಣ ಇರುವ ತನಕ ಇವನು ಬೇರೆ ಏನೂ ಆಗುವ ಅಗತ್ಯ ಬೀಳಲಿಲ್ಲ.

ಕಚೇರಿಯಲ್ಲಿ ಒಮ್ಮೆ ಸಾಹೇಬರು, "ನಾನು ಕರೆಯೋವರೆಗೂ ಯಾರನ್ನೂ ಒಳಗೆ ಬಿಡಬೇಡ" ಎಂದಿದ್ದರು. ಆಮೇಲೆ ಆ ಸಾಹೇಬರಿಗೆ ವರ್ಗವಾಯಿತು. ಹೊಸ ಸಾಹೇಬರು ಅಧಿಕಾರ ವಹಿಸಿಕೊಳ್ಳಲು ಬಂದಾಗ ತಮ್ಮ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಸಾಹೇಬರು ಕರೀಲಿ, ಇರಿ" ಎಂದ. ಹೊಸ ಸಾಹೇಬರು ಬಹಳ ಹೊತ್ತು ಕೂತಿದ್ದರಂತೆ. ಅವರೂ ಸರ್ಕಾರಿ ನೌಕರರೇ, ಕಾಯುವುದು ಅವರಿಗೂ ಹೊಸದಲ್ಲ.

ಇಂಥವನ ಕೈಗೆ ಅಣ್ಣ ತನ್ನ ಗಾಡಿಯನ್ನು ಒಪ್ಪಿಸಿದ. ಕಥೆ ಇರುವುದು ಅಲ್ಲಿ.

ಅಣ್ಣನದು ದೂರದ ಊರುಗಳಿಗೆ ಹೋಗಿಬರುವ ಹಳೆಯ ದಪ್ಪ ಮೋಟಾರ್ ಸೈಕಲ್ಲು. ರಜೆ ಸಿಕ್ಕರೆ ಸಾಕು, ಒಬ್ಬನೇ ಹೊರಟುಬಿಡುತ್ತಿದ್ದ. ಅತ್ತಿಗೆಗೆ ಆ ಗಾಡಿ ಸವತಿಯೇ ಆಗಿತ್ತು. ಅಂಥ ಗಾಡಿಯವರದ್ದೊಂದು ಗ್ರೂಪಿತ್ತು, ಮೊಬೈಲಿನಲ್ಲಿ. ಅಲ್ಲಿ ಯಾರಾದರೂ "ನನ್ನ ಗಾಡಿ ಕೆಮ್ಮುತ್ತಿದೆ" ಎಂದು ಬರೆದರೆ ಮರುಕ್ಷಣ ಎಲ್ಲ ದಿಕ್ಕಿನಿಂದ ಔಷಧಿ ಬರುತ್ತಿತ್ತು. ಹೆಂಡತಿ ಕೆಮ್ಮಿದರೆ ತಿರುಗಿ ನೋಡದವರೂ ಅಲ್ಲಿ ಗಾಡಿಯ ಕೆಮ್ಮಿಗೆ ನಿದ್ದೆಗೆಡುತ್ತಿದ್ದರು. ಅಣ್ಣ ಮಾತ್ರ ಅವರು ಕಳಿಸಿದ ಗಾಡಿಯ ಸದ್ದು ಕೇಳಿ, "ಚೈನ್ ನೋಡಿ" ಎಂದೋ "ಎಣ್ಣೆ ಬದಲಿಸಿ" ಎಂದೋ ಬರೆದು ಸುಮ್ಮನಾಗುತ್ತಿದ್ದ. ಗಾಡಿ ಸರಿಹೋಗುತ್ತಿತ್ತು. ಹಾಗಾಗಿ ಗ್ರೂಪಿನಲ್ಲಿ ಅವನಿಗೆ 'ಮೌನಿಗಳು' ಎಂದು ಹೆಸರು. ಮುಖ ನೋಡಿದವರು ಇಲ್ಲವೇ ಇಲ್ಲ. ಈಗ ಕೆಲವು ತಿಂಗಳಿಂದ ಮೌನಿಗಳು ನಿಜವಾಗಿಯೂ ಮೌನವಾಗಿದ್ದರು. ಯಾರ ಮೇಲೋ ಮುನಿಸಿಕೊಂಡಿದ್ದಾರೆ ಎಂದುಕೊಂಡಿತ್ತು ಗ್ರೂಪು.

ಮುನಿಸೇನೂ ಇರಲಿಲ್ಲ. ಅಣ್ಣನ ಶ್ವಾಸಕೋಶ ಕೈಕೊಟ್ಟಿತ್ತು. ಮೂರು ಗಂಟೆ ದಾರಿಯ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ, ಮೊದಲ ಮಹಡಿಯ ಕಿಟಕಿ ಪಕ್ಕದ ಮಂಚದಲ್ಲಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದ. ಡಾಕ್ಟರು ಅತ್ತಿಗೆಯನ್ನು ವರಾಂಡಕ್ಕೆ ಕರೆದು, ನೋಡಬೇಕಾದವರೆಲ್ಲ ಬಂದು ನೋಡಿಕೊಂಡು ಹೋಗಲಿ ಎಂದರು. ಅತ್ತಿಗೆ ಒಳಗೆ ಬಂದು ಏನೂ ಆಗದವರ ಹಾಗೆ ಹೊದಿಕೆ ಸರಿಮಾಡಿದರು. ಅಣ್ಣನಿಗೆ ಗೊತ್ತಾಯಿತು. ಸದ್ದು ಕೇಳಿ ರೋಗ ಹೇಳುತ್ತಿದ್ದ ಮನುಷ್ಯನಿಗೆ ಅತ್ತಿಗೆಯ ಹೆಜ್ಜೆ ಸಪ್ಪಳ ಸಾಕಾಯಿತು.

"ಗಾಡಿ ತಗೊಂಡು ಬಾ" ಎಂದ ತಮ್ಮನಿಗೆ.

"ಯಾಕಣ್ಣ? ಎಲ್ಲಿಗೆ ಹೋಗ್ತೀಯ?"

ಅತ್ತಿಗೆ ಮುಖ ತಿರುಗಿಸಿಕೊಂಡರು. ಅಣ್ಣ ಉಸಿರು ಕೂಡಿಸಿಕೊಂಡ.

"ಎಲ್ಲಿಗೂ ಇಲ್ಲ ಕಣೋ. ಈ ಕಿಟಕಿ ಕೆಳಗೆ ನಿಲ್ಲಿಸಿ ಸ್ಟಾರ್ಟ್ ಮಾಡು. ಒಂದ್ಸಲ ಸದ್ದು ಕೇಳ್ಬೇಕು."

ತಮ್ಮ ಆ ಗಾಡಿಯನ್ನು ಬೀದಿ ತುದಿಯ ತನಕ ಓಡಿಸಿ ತಂದು ನಿಲ್ಲಿಸಿದ್ದೇ ಹೆಚ್ಚು. ಅದಕ್ಕೇ ಅಣ್ಣ ಒಂದೊಂದಾಗಿ, ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡು, ಹೇಳಿಕೊಟ್ಟ. ಅರ್ಧ ದಾರಿಯಲ್ಲಿ ನೆರಳು ನೋಡಿ ನಿಲ್ಲಿಸು, ಇಂಜಿನ್ ತಣ್ಣಗಾಗಲಿ. ನಿಲ್ಲಿಸಿದಾಗ ಟ್ಯಾಂಕಿನ ಕೆಳಗಿರುವ ಪೆಟ್ರೋಲ್ ಕಾಕ್, ಆ ಪುಟ್ಟ ನಲ್ಲಿ, ಮುಚ್ಚು; ಹಳೇ ಗಾಡಿ, ಸೋರುತ್ತೆ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಬೇಡ, ಕನ್ನಡಿ ಸಡಿಲವಾಗುತ್ತೆ. ಟ್ಯಾಂಕಿನ ಮೇಲೂ ಇಡಬೇಡ, ಬಣ್ಣ ಗೀಚುತ್ತೆ. ತಮ್ಮ ಎಲ್ಲವನ್ನೂ ಎರಡೆರಡು ಸಲ ಒಪ್ಪಿಸಿ, ಬಸ್ಸು ಹಿಡಿದು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಮೋಡ ಕವಿದಿತ್ತು. ಅವನು ಗಾಡಿ ಹೊರಗೆ ತೆಗೆದಾಗ ಬೀದಿಯವರು ಬಾಗಿಲಿಗೆ ಬಂದು ನಿಂತೆವು. ಒಬ್ಬರೂ ತಮಾಷೆ ಮಾಡಲಿಲ್ಲ. ಅವನ ಹೆಂಡತಿ ಮಾತ್ರ, "ನಿಧಾನಕ್ಕೆ ಹೋಗ್ರೀ" ಎಂದಳು. ಹೇಳಬಾರದಿತ್ತು. ಹೇಳಿದ್ದರಿಂದ ಮೂರು ಗಂಟೆ ದಾರಿಯ ಅರ್ಧಕ್ಕೇ ಅವನಿಗೆ ಮೂರು ಗಂಟೆ ಹಿಡಿಯಿತು.

ಅರ್ಧ ದಾರಿಯಲ್ಲಿ ಹೆದ್ದಾರಿ ಪಕ್ಕ ಒಂದು ದೊಡ್ಡ ಮರ ಸಿಕ್ಕಿತು. ಬಿಸಿಲೇ ಇರಲಿಲ್ಲ. ಆದರೂ ನೆರಳು ನೋಡಿ ಎಂದಿದ್ದಾನಲ್ಲ, ಮರದ ಕೆಳಗೇ ನಿಲ್ಲಿಸಿದ. ಕಾಕ್ ಮುಚ್ಚಿದ. ಹೆಲ್ಮೆಟ್ ಕೈಯಲ್ಲಿ ಹಿಡಿದು ಕನ್ನಡಿ ನೋಡಿದ, ಬೇಡ. ಟ್ಯಾಂಕು ನೋಡಿದ, ಬೇಡ. ಉಳಿದಿದ್ದು ನೆಲ. ಗಾಡಿಯ ಹಿಂದೆ ರಸ್ತೆಯಂಚಿನಲ್ಲಿ ಜೋಪಾನವಾಗಿ ಇಟ್ಟು, ಮರದ ಬೇರಿನ ಮೇಲೆ ಕೂತ. ಕೂತ ಮೇಲೆ ಯೋಚನೆ ಬಂತು. ಈ ಗಾಡಿಯ ಸದ್ದು ಕೇಳಿದ ಮೇಲೆ ಅಣ್ಣನಿಗೆ ಈ ಲೋಕದಲ್ಲಿ ಬೇರೆ ಕೆಲಸ ಉಳಿದಿಲ್ಲವಲ್ಲ ಎಂದು ಹೊಳೆದಾಗ ಕಣ್ಣಲ್ಲಿ ನೀರು ಬಂತು.

ದೂರ ಪ್ರಯಾಣದ ಗಾಡಿಯವರಲ್ಲಿ ಒಂದು ಪದ್ಧತಿ ಇದೆ. ನಿಂತ ಗಾಡಿಯ ಹಿಂದೆ ನೆಲದ ಮೇಲೆ ಹೆಲ್ಮೆಟ್ ಕಂಡರೆ, ಅದರ ಸವಾರ ಕಷ್ಟದಲ್ಲಿದ್ದಾನೆ ಎಂದರ್ಥ. ಕಂಡವರು ಮುಂದೆ ಹೋಗುವ ಹಾಗಿಲ್ಲ. ಅಣ್ಣ ಇದೊಂದನ್ನು ಹೇಳಲು ಮರೆತಿದ್ದ, ಅಥವಾ ಹೇಳಲು ಉಸಿರು ಉಳಿದಿರಲಿಲ್ಲ.

ಮೊದಲು ನಿಂತವರು ಒಬ್ಬ ಹಲ್ಲಿನ ಡಾಕ್ಟರು. ಫಳಫಳ ಹೊಳೆಯುವ ಗಾಡಿ, ಅದರ ಮೇಲೆ ಅಣ್ಣನ ಗ್ರೂಪಿನದೇ ಸ್ಟಿಕ್ಕರು, ಮೊಣಕಾಲಿಗೆ ಕವಚ.

"ಏನಾಯ್ತು ಸಾರ್?"

"ಏನೂ ಆಗಿಲ್ಲ" ಎಂದ ತಮ್ಮ, ಕಣ್ಣೊರೆಸಿಕೊಳ್ಳುತ್ತ.

"ಹೊಸಬರೆಲ್ಲ ಹೀಗೇ ಹೇಳೋದು. ನನ್ನ ಹತ್ರ ಬರೋರೂ ಅಷ್ಟೇ. ಹಲ್ಲು ಅಲ್ಲಾಡ್ತಿರುತ್ತೆ, ಏನೂ ಆಗಿಲ್ಲ ಅಂತಾರೆ. ಪೆಟ್ರೋಲ್ ಇದೆಯಾ?"

"ತುಂಬ್ಸಿದೀನಿ."

"ಎಲ್ಲಿ, ಸ್ಟಾರ್ಟ್ ಮಾಡಿ ನೋಡೋಣ."

ತಮ್ಮ ಎದ್ದು ಕಿಕ್ ಹೊಡೆದ. ಗಾಡಿ ಒಂದೇ ಏಟಿಗೆ ಶುರುವಾಯಿತು. ಅವನು ಹೆಮ್ಮೆಯಿಂದ ಡಾಕ್ಟರ ಮುಖ ನೋಡಿದ. ಒಳಗೆ ಉಳಿದಿದ್ದ ಗುಟುಕು ಪೆಟ್ರೋಲು ಮುಗಿಯುವ ತನಕ ಗಾಡಿ ಗುಡುಗಿ, ಆಮೇಲೆ ಎರಡು ಸಲ ಬಿಕ್ಕಿ, ನಿಂತುಹೋಯಿತು. ಮತ್ತೆ ಎಷ್ಟು ಹೊಡೆದರೂ ಉಸಿರಿಲ್ಲ.

"ನೋಡಿದ್ರಾ!" ಎಂದರು ಡಾಕ್ಟರು, ಹುಳುಕು ಸಿಕ್ಕಿದ ಸಂತೋಷದಲ್ಲಿ.

ತಮ್ಮ ಬೆರಳು ಮಡಿಸಿ ಎಣಿಸಿದ. ಅಣ್ಣ ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಿಲ್ಲ, ಆದರೂ ಗಾಡಿ ಸತ್ತಿದೆ.

ಓದುಗರು ಇಲ್ಲಿ ಕೇಳಬಹುದು: ಕಾಕ್ ತೆರೆದಿದೆಯೇ ಎಂದು ಒಬ್ಬರಾದರೂ ನೋಡಬಾರದೇ? ನೋಡಬಾರದು. ಹಿಂದೆ ಆ ಗ್ರೂಪಿನಲ್ಲಿ ಯಾರೋ ಯಾರನ್ನೋ "ಕಾಕ್ ಓಪನ್ ಇದೆಯಾ?" ಎಂದು ಕೇಳಿ, ಅದು ಮಾತಿಗೆ ಮಾತು ಬೆಳೆದು, ಗ್ರೂಪು ಒಡೆದು ಎರಡಾಗಿತ್ತು. ದೊಡ್ಡ ಗಾಡಿಯ ಸವಾರನಿಗೆ ಆ ಪ್ರಶ್ನೆ ಹಾಕುವುದೂ, ನಿನಗೆ ಚಡ್ಡಿ ಹಾಕಿಕೊಳ್ಳಲು ಬರುತ್ತದೆಯೇ ಎಂದು ಕೇಳುವುದೂ ಒಂದೇ. ಕೇಳುವುದಿರಲಿ, ಅವನೆದುರು ಅತ್ತ ಕಣ್ಣು ಹಾಯಿಸುವುದೂ ಅಮರ್ಯಾದೆ. ಡಾಕ್ಟರು ಮರ್ಯಾದಸ್ಥರು. ಪ್ಲಗ್ ಬಿಚ್ಚಿದರು.

ಅಷ್ಟರಲ್ಲಿ ಎರಡನೆಯ ಗಾಡಿ ನಿಂತಿತು. ಅದರಲ್ಲಿದ್ದವರು ರಿಟೈರಾದ ಲೆಕ್ಕದ ಮೇಷ್ಟ್ರು. ಪ್ಲಗ್ಗನ್ನು ಕನ್ನಡಕದ ಮೇಲಿನಿಂದ ನೋಡಿ, "ಪ್ಲಗ್ ಸರಿಯಾಗಿದೆ. ಆದ್ದರಿಂದ ತಪ್ಪು ಕಾರ್ಬೊರೇಟರಿನಲ್ಲಿದೆ" ಎಂದು ಕಾರ್ಬೊರೇಟರ್ ಬಿಚ್ಚಿದರು. ಮೂರನೆಯವರು ಬೇಕರಿ ನಡೆಸುವ ಹೆಂಗಸು. ಆಕೆ ಬಂದವರೇ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, "ಕಾರ್ಬೊರೇಟರ್ ಒಣಗಿದೆ ಅಂದ್ರೆ ಟ್ಯಾಂಕಲ್ಲಿ ಕಸ ಇದೆ" ಎಂದು ಕಸದ ಪಕ್ಷ ಕಟ್ಟಿದರು. ಆಮೇಲೆ ಬಂದವರ ಲೆಕ್ಕ ಇಡುವುದು ಕಷ್ಟ. ಒಬ್ಬರು ಇಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಮುಚ್ಚಳ ತೆಗೆದರು, ಅದಕ್ಕೂ ಪೆಟ್ರೋಲಿಗೂ ಏನು ಸಂಬಂಧ ಎಂದು ಅವರನ್ನು ಯಾರೂ ಕೇಳಲಿಲ್ಲ. ಬಿಚ್ಚಲು ಏನೂ ತೋಚದವರು ಚಹಾ ತರಿಸಿದರು. ಎಲ್ಲರೂ ಒಳ್ಳೆಯವರು. ಆ ಗಾಡಿಗೆ ಒಬ್ಬನೇ ಒಬ್ಬ ಕೆಟ್ಟವನು ಎದುರಾಗಿ ನಿಲ್ಲದೆ ಹೋಗಿದ್ದರೆ, ಅದು ಉಳಿದುಕೊಳ್ಳುತ್ತಿತ್ತು.

"ದಯವಿಟ್ಟು ಬಿಡಿ, ನಾನು ಹೋಗ್ಬೇಕು" ಎಂದು ತಮ್ಮ ಸುತ್ತ ಸುತ್ತಿ ಬೇಡಿಕೊಂಡ.

"ಗಾಬರಿಯಾಗಬೇಡಿ. ನಮ್ಮವರನ್ನ ದಾರೀಲಿ ಬಿಟ್ಟು ಹೋಗೋ ಜನ ಅಲ್ಲ ನಾವು" ಎಂದರು ಮೇಷ್ಟ್ರು, ಕೈಯಲ್ಲಿ ಅಣ್ಣನ ಗಾಡಿಯ ಅರ್ಧ ಹೊಟ್ಟೆ ಹಿಡಿದುಕೊಂಡು.

ಆಗ ಅತ್ತಿಗೆಯ ಫೋನು ಬಂತು. "ಎಲ್ಲಿದ್ದೀಯಪ್ಪ? ಆಗ್ಲಿಂದ ಕಿಟಕಿ ಕಡೇನೇ ನೋಡ್ತಿದ್ದಾರೆ. ಉಸಿರು ಜಾಸ್ತಿ ಆಗ್ತಿದೆ."

ತಮ್ಮ ಫೋನು ಜೇಬಿಗಿಟ್ಟು, ಹೆದ್ದಾರಿ ಬದಿಯಲ್ಲಿ ನಿಂತು ಅತ್ತ. ಸಣ್ಣಗೆ ಅಲ್ಲ, ದೊಡ್ಡ ದನಿಯಲ್ಲಿ. "ಇದು ನನ್ನ ಗಾಡಿ ಅಲ್ಲ ಸ್ವಾಮಿ! ನಮ್ಮಣ್ಣಂದು! ಅವನು ಹೋಗೋ ಮೊದ್ಲು ಒಂದ್ಸಲ ಇದರ ಸದ್ದು ಕೇಳ್ಬೇಕು ಅಂದ. ನಿಮ್ಮದೇ ಗ್ರೂಪಲ್ಲಿದ್ದಾನೆ. ಅದೇನೋ ಮೌನಿಗಳು ಅಂತೀರಂತಲ್ಲ!"

ಪಾನಾ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಮೌನಿಗಳ ಗಾಡಿಯನ್ನು ಬಿಚ್ಚಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವರಿಗೆ ತಿಳಿಯಲಿಲ್ಲ. ಬೇಕರಿಯಾಕೆ, "ಕಳೆದ ವರ್ಷ ಘಾಟಿಯಲ್ಲಿ ನಾನೊಬ್ಬಳೇ ಸಿಕ್ಕಿಹಾಕ್ಕೊಂಡಾಗ ಬೆಳಗಿನ ತನಕ ಫೋನಲ್ಲಿ ಜೊತೆಗಿದ್ದೋರು ಅವ್ರು" ಎಂದು ಮೆಲ್ಲಗೆ ಹೇಳಿ ಮುಖ ಒರೆಸಿಕೊಂಡರು. ಗ್ರೀಸು ಹಣೆಯ ತನಕ ಹತ್ತಿತು.

ಬಿಚ್ಚಿದ್ದನ್ನೆಲ್ಲ ಅವಸರವಸರವಾಗಿ ಮತ್ತೆ ಕೂಡಿಸಿದರು. ಕಿಕ್ ಹೊಡೆದರು. ಇಲ್ಲ. ಎಲ್ಲರೂ ಸರದಿಯಲ್ಲಿ ಹೊಡೆದರು. ಇಲ್ಲವೇ ಇಲ್ಲ.

"ಹೊತ್ತಾಗುತ್ತೆ. ತಳ್ಕೊಂಡೇ ಹೋಗೋಣ" ಎಂದರು ಮೇಷ್ಟ್ರು.

ತಮ್ಮ ಸತ್ತ ಗಾಡಿಯ ಮೇಲೆ ಕೂತ. ಹಿಂದಿನಿಂದ ಮೇಷ್ಟ್ರು ಸ್ವಂತ ಗಾಡಿ ಓಡಿಸುತ್ತ, ಒಂದು ಕಾಲು ಚಾಚಿ ಅಣ್ಣನ ಗಾಡಿಯ ಫುಟ್‌ರೆಸ್ಟಿಗೆ ಒತ್ತಿಕೊಟ್ಟು ನೂಕತೊಡಗಿದರು. ಅವರ ಕಾಲು ಸೋತಾಗ ಡಾಕ್ಟರು, ಡಾಕ್ಟರು ಸೋತಾಗ ಬೇಕರಿಯಾಕೆ. ಮುಂದೆ ಹಿಂದೆ ಗುಡುಗುವ ಗಾಡಿಗಳ ನಡುವೆ ಒಂದೇ ಒಂದು ಗಾಡಿ ಸದ್ದಿಲ್ಲದೆ ಸಾಗಿತು. ದಾರಿಯಲ್ಲಿ ಜನ ಬದಿಗೆ ಸರಿದು ನಿಂತು ನೋಡಿದರು. ಒಬ್ಬ ಮುದುಕರು ಟೋಪಿ ತೆಗೆದರು. ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡಿರಬೇಕು.

ಆಸ್ಪತ್ರೆ ಮುಟ್ಟಿದಾಗ ಸಂಜೆ. ಗೇಟಿನಲ್ಲಿ 'ಸದ್ದು ಮಾಡಬಾರದು' ಎಂಬ ಬೋರ್ಡು, ಬೋರ್ಡಿನ ಪಕ್ಕದಲ್ಲಿ ಅದಕ್ಕಿಂತ ಸಿಟ್ಟಿನ ಕಾವಲುಗಾರ. ಅವನು ಕೈ ಅಡ್ಡ ಹಿಡಿದು ಗಾಡಿಗಳನ್ನೆಲ್ಲ ನಿಲ್ಲಿಸಿ, ತಮ್ಮನದನ್ನು ಮಾತ್ರ ಒಳಗೆ ಬಿಟ್ಟ.

"ಇದೊಂದೇ ನೋಡಿ, ರೂಲ್ಸ್ ಪ್ರಕಾರ ಇರೋದು" ಎಂದ ಮಿಕ್ಕವರಿಗೆ.

ಗಾಡಿಯನ್ನು ಕಿಟಕಿಯ ಕೆಳಗೆ ನಿಲ್ಲಿಸಿ, ಮೇಷ್ಟ್ರನ್ನು ಕಾವಲಿಗೆ ಬಿಟ್ಟು, ತಮ್ಮ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟ. ಮೇಲೆ ಹೋಗಿ ಏನು ಹೇಳುವುದು? ಹಲ್ಲಿನ ಡಾಕ್ಟರು ಬಗ್ಗಿ ಪಿಸುಗುಟ್ಟಿದರು: "ಸದ್ದು ಸದ್ದೇ ಅಲ್ವಾ? ಕಾಂಪೌಂಡ್ ಆಚೆ ರಸ್ತೆ ನಮ್ಮದು, ಅಲ್ಲಿಂದ ನನ್ನ ಗಾಡಿ ಸ್ಟಾರ್ಟ್ ಮಾಡ್ತೀನಿ. ನೀವು ಮೇಲೆ ಹೋಗಿ ಅವ್ರ ಪಕ್ಕ ನಿಂತ್ಕೊಳಿ. ಪಾಪ, ಸಮಾಧಾನ ಆಗ್ಲಿ."

ತಮ್ಮ ಜೀವಮಾನದಲ್ಲಿ ಅಣ್ಣನಿಗೆ ಸುಳ್ಳು ಹೇಳಿದವನಲ್ಲ. ಆದರೆ ಡಾಕ್ಟರು ಹೇಳಿದ್ದಾರೆ, ಹೇಳಿದ ಹಾಗೆ ಮಾಡುವುದು ಅವನ ಅಭ್ಯಾಸ. ಹೋದ.

ಅಣ್ಣ ನಿನ್ನೆಗಿಂತ ಸಣ್ಣಗಾದ ಹಾಗಿದ್ದ. ತಮ್ಮನನ್ನು ಕಂಡು ಬೆರಳೆತ್ತಿದ. ಹೊರಗೆ ಒಂದು ಗಾಡಿ ಗುಡುಗಿತು.

"ಕೇಳಿಸ್ತಾ ಅಣ್ಣ?" ಎಂದ ತಮ್ಮ.

ಅಣ್ಣ ಕಣ್ಣು ಮುಚ್ಚಿ ಕೇಳಿದ. ಹಣೆ ಗಂಟಾಯಿತು. "ಯಾರದೋ ಇದು? ಚೈನು ಸಡಿಲ ಆಗಿದೆ."

ತಮ್ಮ ಕಿಟಕಿಯಿಂದ ಬಗ್ಗಿ, "ನಿಮ್ಮ ಚೈನು ಸಡಿಲ ಆಗಿದೆಯಂತೆ" ಎಂದು ಕೂಗಿದ. ಕೆಳಗೆ ಡಾಕ್ಟರು ಕೆಂಪಾದರು. ಅವರ ಬದಲು ಬೇಕರಿಯಾಕೆ ಶುರು ಮಾಡಿದರು.

"ಇದು ಎಣ್ಣೆ ಕುಡೀತಿದೆ. ಬೇರೆ ಯಾರದೋ."

ಅದನ್ನೂ ತಮ್ಮ ಕೂಗಿದ. ಅಷ್ಟಾದ ಮೇಲೆ ಮೋಸ ಮಾಡುವುದು ಯಾರಿಗೂ ನೆನಪಿರಲಿಲ್ಲ. ಮೌನಿಗಳು ಸದ್ದು ಕೇಳಿ ಹೇಳುತ್ತಿದ್ದಾರೆ ಎಂದು ಗೊತ್ತಾಗಿ, ಕಾಂಪೌಂಡಿನ ಆಚೆ ಗಾಡಿಗಳು ಸಾಲಾಗಿ ನಿಂತುಬಿಟ್ಟವು. ಒಂದೊಂದೇ ಮುಂದೆ ಬಂದು ಗುಡುಗುವುದು, ಮೇಲಿಂದ ರೋಗದ ಹೆಸರು ಬೀಳುವುದು, ಸವಾರ ಕೈಮುಗಿದು ಮುಂದೆ ಸರಿಯುವುದು. ಹಿರಿಯ ನರ್ಸಮ್ಮ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಏನ್ರೀ ಇದು! ಆಸ್ಪತ್ರೇನೋ ವರ್ಕ್‌ಶಾಪೋ?"

ಅತ್ತಿಗೆ ಎದ್ದು ಅವರ ಕೈ ಹಿಡಿದುಕೊಂಡರು. "ಬಿಡಿ ಸಿಸ್ಟರ್. ಎಷ್ಟೋ ದಿನದ ಮೇಲೆ ಮಾತಾಡ್ತಿದ್ದಾರೆ."

ನರ್ಸಮ್ಮ ಮಂಚದ ಕಡೆ ನೋಡಿದರು. ದನಿ ಇಳಿಸಿ, "ನನ್ನ ಸ್ಕೂಟರ್ ಬೇರೆ ಏರಿನಲ್ಲಿ ಎಳೆಯೋದೇ ಇಲ್ಲ" ಎಂದರು.

"ಕ್ಲಚ್ಚು" ಎಂದ ಅಣ್ಣ. ಆಮೇಲೆ ತಮ್ಮನ ಕಡೆ ತಿರುಗಿದ. "ನನ್ ಗಾಡಿ ಎಲ್ಲೋ?"

ತಮ್ಮ ಮಂಚದ ಪಕ್ಕ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. "ನೀನು ಹೇಳಿದ ಹಾಗೇ ಮಾಡ್ದೆ ಅಣ್ಣ. ಒಂದೂ ಬಿಡಲಿಲ್ಲ. ನೆರಳಲ್ಲಿ ನಿಲ್ಲಿಸ್ದೆ. ಹೆಲ್ಮೆಟ್ಟು ಕನ್ನಡಿಗೂ ಹಾಕ್ಲಿಲ್ಲ, ಟ್ಯಾಂಕ್ ಮೇಲೂ ಇಡ್ಲಿಲ್ಲ, ನೆಲದ ಮೇಲೆ ಇಟ್ಟೆ. ಕಾಕ್ ಮುಚ್ಚಿದೆ..."

"ಆಮೇಲೆ?"

"ಆಮೇಲೆ ಇವ್ರೆಲ್ಲ ಬಂದ್ರು."

"ಕಾಕ್ ತೆಗೆದ್ಯಾ?"

ತಮ್ಮ ಮತ್ತೊಮ್ಮೆ ಬೆರಳು ಮಡಿಸಿ ಎಣಿಸಿದ.

"ತೆಗಿ ಅಂತ ನೀನು ಹೇಳಿರಲಿಲ್ಲವಲ್ಲಣ್ಣ" ಎಂದ ತಮ್ಮ.

ಅಣ್ಣ ನಕ್ಕ. ನಗುವಷ್ಟು ಉಸಿರಿರಲಿಲ್ಲ. ಹೊದಿಕೆ ಅಲುಗಿತು, ಮೂಗಿನ ನಳಿಕೆ ಜಾರಿತು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ನರ್ಸಮ್ಮ ಓಡಿಬಂದು ಬೆನ್ನು ಹಿಡಿದುಕೊಂಡರು. ಅತ್ತಿಗೆ ಗಾಬರಿಯಲ್ಲಿ ತಮ್ಮನಿಗೆ ಒಂದೇಟು ಹಾಕಿದರು. ಅಣ್ಣ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಕಿಟಕಿಯತ್ತ ಕೈ ತೋರಿಸುತ್ತಲೇ ಇದ್ದ.

ತಮ್ಮ ಕಿಟಕಿಗೆ ಹಾರಿ, ಇಡೀ ಆಸ್ಪತ್ರೆಗೆ ಕೇಳಿಸುವ ಹಾಗೆ ಕೂಗಿದ: "ಮೇಷ್ಟ್ರೇ, ಕಾಕ್ ತೆಗೀರಿ!"

ಕೆಳಗೆ ಗಾಡಿಗಳೆಲ್ಲ ಆರಿದವು. ಗ್ರೂಪಿನ ಇತಿಹಾಸದಲ್ಲಿ ಅಂಥ ಮಾತು ಅಷ್ಟು ಜನರ ಮುಂದೆ ಯಾರೂ ಆಡಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಷ್ಟ್ರು ನಿಧಾನವಾಗಿ ಬಗ್ಗಿ, ಟ್ಯಾಂಕಿನ ಕೆಳಗೆ ಕೈ ಹಾಕಿ, ಕಾಕ್ ತಿರುಗಿಸಿದರು. ಒಂದು ಕಿಕ್ ಹೊಡೆದರು. ಎರಡು. ಮೂರನೆಯದಕ್ಕೆ ಗಾಡಿ ಎದ್ದಿತು.

ಕಾವಲುಗಾರ ಕೈ ಎತ್ತಿಕೊಂಡು ಓಡಿಬಂದವನು, ಮೇಲಿನ ಕಿಟಕಿಯನ್ನೊಮ್ಮೆ ನೋಡಿ, ಬೋರ್ಡಿನ ಕಡೆ ಬೆನ್ನು ಹಾಕಿ ನಿಂತ.

ಅಣ್ಣ ಕೇಳಿದ. ಬಹಳ ಹೊತ್ತು ಕೇಳಿದ. ಮುಖದ ಗಂಟೆಲ್ಲ ಬಿಚ್ಚಿತು. ಅತ್ತಿಗೆ ಆ ಸವತಿಯ ಸದ್ದು ಕೇಳುತ್ತ ಅವನ ಕಾಲು ನೀವುತ್ತಿದ್ದರು. ತಮ್ಮನನ್ನು ಹತ್ತಿರ ಕರೆದು ಅಣ್ಣ ಕಿವಿಯಲ್ಲಿ ಹೇಳಿದ:

"ಟ್ಯಾಪೆಟ್ ಸದ್ದು ಬರ್ತಿದೆ. ಬಿಚ್ಚಿದೋನಿಗೆ ಸರಿಯಾಗಿ ಕೂರಿಸೋಕೆ ಬಂದಿಲ್ಲ. ನಾಳೆ ಸರಿಮಾಡ್ಸು."

"ಆಯ್ತಣ್ಣ."

ಬೆಳಗಾಗುವಷ್ಟರಲ್ಲಿ ಅಣ್ಣ ಹೋಗಿಬಿಟ್ಟಿದ್ದ. ಹೊರಗೆ ರಸ್ತೆಯಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಸುದ್ದಿ ತಿಳಿದಾಗ ಬೇಕರಿಯಾಕೆ ಸ್ವಂತ ಗಾಡಿಯ ಹಿಂದೆ ಹೆಲ್ಮೆಟ್ಟನ್ನು ನೆಲದ ಮೇಲಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ತಮ್ಮ ಕೊನೆಗೆ ಬಂದು, ಕನ್ನಡಿ ನೋಡಿ, ಟ್ಯಾಂಕು ನೋಡಿ, ತನ್ನದನ್ನೂ ನೆಲದ ಮೇಲಿಟ್ಟ. ಈ ಸಲ ಅವನಿಗೆ ಅದರ ಅರ್ಥ ಗೊತ್ತಿತ್ತು.

ಈಗ ಆ ಗಾಡಿ ತಮ್ಮನ ಬಳಿಯೇ ಇದೆ. ಗ್ರೂಪಿಗೂ ಸೇರಿದ್ದಾನೆ. ಗಾಡಿ ಬೀದಿಗೆ ಬಂದರೆ ಟಿಕಟಿಕ ಎಂಬ ಟ್ಯಾಪೆಟ್ ಸದ್ದು ತಿರುವಿನಿಂದಲೇ ಕೇಳಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದವರು ಗಾಜು ಇಳಿಸಿ ಹೇಳುತ್ತಾರೆ. ಮೇಷ್ಟ್ರು ಪಾನಾ ಹಿಡಿದು ಮನೆಗೇ ಬಂದಿದ್ದರು. ಡಾಕ್ಟರು ಗ್ರೂಪಿನಲ್ಲಿ ಉದ್ದುದ್ದ ಬರೆದರು. ನಮ್ಮ ಬೀದಿಯಲ್ಲಿ ಮೊನ್ನೆ ಮೊನ್ನೆ ಸೈಕಲ್ಲು ಕಲಿತವರೂ ಸಲಹೆ ಕೊಟ್ಟಾಗಿದೆ. ನಾನೂ ಒಂದು ದಿನ ತಡೆಯಲಾರದೆ, "ಅದೊಂದು ಸರಿಮಾಡ್ಸಬಾರ್ದೇನೋ?" ಎಂದೆ.

"ನಾಳೆ ಮಾಡಿಸ್ತೀನಿ" ಎಂದ.

ಎಲ್ಲರಿಗೂ ಅದನ್ನೇ ಹೇಳುತ್ತಾನೆ. ಅಣ್ಣ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿ ಮುಗಿಸಿದ ಮನುಷ್ಯ, ಇದೊಂದನ್ನು ಮಾತ್ರ ಇನ್ನೂ ಮಾಡಿಸಿಲ್ಲ. ಮಾಡಿಸಿಬಿಟ್ಟರೆ ಅಣ್ಣ ಹೇಳಿದ ಕೆಲಸ ಯಾವುದೂ ಬಾಕಿ ಉಳಿಯುವುದಿಲ್ಲ.